ಓದೋರು ಒಬ್ಬರು, ಕೇಳೋರು ಆರು ಜನ

1/11
ಫೋನ್‌ನಲ್ಲಿ ಓದೋರಿಗೆ ಕನ್ನಡದಲ್ಲಿ ಬರೆಯೋದು ಹೇಗೆ ಕಲಿತೆ ಅಂತ ಸುಮಾರು ಜನ ಕೇಳಿದ್ರಿ. ಐದನೇ ಸೆಮ್ ಪರೀಕ್ಷೆ ಮುಗೀತು. ಈಗ ಕೂತು ಹೇಳ್ತೀನಿ.

ಹೊಸಬರಿಗೆ ಪರಿಚಯ: ನಾನು ತಿಪಟೂರಿನವಳು, ಬಿಕಾಂ ಓದ್ತಿದ್ದೀನಿ, ವಯಸ್ಸು 20. ಒಂದೂವರೆ ವರ್ಷದಿಂದ ಈ ಪೇಜ್‌ನಲ್ಲಿ ಬಡ್ಡಿ, ಕಂತು, ಚೀಟಿ, ಪಾಸ್‌ಬುಕ್ ಇಂಥದ್ದರ ಬಗ್ಗೆ ಬರೀತಿದ್ದೀನಿ. ಫಾಲೋವರ್ಸ್ ಸಾವಿರ ಕೂಡ ಇಲ್ಲ. ಹಾಗಾಗಿ ವೈರಲ್ ಆಗೋದು ಹೇಗೆ ಅಂತ ತಿಳ್ಕೊಳ್ಳೋಕೆ ಬಂದಿದ್ರೆ ದಯವಿಟ್ಟು ಬೇರೆ ಕಡೆ ನೋಡಿ, ನನಗೇನೂ ಬೇಜಾರಿಲ್ಲ. ರೀಲ್ಸ್ ಮಾಡೋಕೆ ನನಗೆ ಬರಲ್ಲ, ಕ್ಯಾಮೆರಾ ಮುಂದೆ ನಿಂತ್ರೆ ನಾಲಿಗೆ ಒಣಗುತ್ತೆ. ಬರೆಯೋಕೆ ಮಾತ್ರ ಬರುತ್ತೆ. ಅದೂ ಇಲ್ಲೇ ಬಂದಿದ್ದು.

ಕಾಲೇಜಲ್ಲಿ ಬರೆಯೋದು ಬೇರೆ ಥರ. ಅಲ್ಲಿ ಓದೋರು ಒಬ್ಬರೇ, ಅವರಿಗೆ ಸಂಬಳ ಕೊಟ್ಟು ಓದಿಸ್ತಾರೆ. ಎಷ್ಟೇ ಬೋರಾದ್ರೂ ಹತ್ತು ಮಾರ್ಕ್ಸ್ ಪ್ರಶ್ನೆಗೆ ನಾಲ್ಕು ಪುಟ ಓದ್ಲೇಬೇಕು. ಇಲ್ಲಿ ಹಾಗಲ್ಲ. ನೀವು ಊಟ ಮಾಡಿ, ಪಾತ್ರೆ ತೊಳೆದು, ಗೋಡೆಗೆ ಒರಗಿ ಕೂತು ಫೋನ್ ತೆಗೀತೀರಿ. ಮೇಲೆ ಯಾರದ್ದೋ ಮದುವೆ ಫೋಟೋ, ಕೆಳಗೆ ಇನ್ಯಾರದ್ದೋ ಬಿರಿಯಾನಿ. ಮಧ್ಯದಲ್ಲಿ ನನ್ನ ಬಡ್ಡಿ ಲೆಕ್ಕ. ನೀವು ನಿಲ್ಲಬೇಕಾದ ಯಾವ ಬಲವಂತವೂ ಇಲ್ಲ.

(ಫೋಟೋ: ಅಮ್ಮನ ಸಂಘದ ಪಾಸ್‌ಬುಕ್. ಹೆಸರಿನ ಮೇಲೆ ಬೆರಳಿಟ್ಟಿದ್ದೀನಿ, ಗಮನಿಸಿ.)

2/11
ಮೊದಲು ಜಾಗದ ವಿಷ್ಯ. ಇದನ್ನ ಯಾರೂ ಹೇಳಿಕೊಡಲ್ಲ.

ಒಂದು ಕ್ಯಾಪ್ಷನ್‌ಗೆ 2200 ಅಕ್ಷರ ಮಿತಿ. ಇಂಗ್ಲಿಷ್‌ನಲ್ಲಿ ಬರೆಯೋರಿಗೆ ಅದು ಧಾರಾಳ. ನಮಗೆ ಅಷ್ಟು ಬರಲ್ಲ, ಯಾಕಂದ್ರೆ ಫೋನು ಅಕ್ಷರ ಎಣಿಸೋ ರೀತಿ ನಾವು ಎಣಿಸೋ ರೀತಿ ಅಲ್ಲ. 'ಸ್ತ್ರೀಶಕ್ತಿ' ಅನ್ನೋ ಪದದಲ್ಲಿ ಎಷ್ಟು ಅಕ್ಷರ? ಸ್ತ್ರೀ, ಶ, ಕ್ತಿ. ಮೂರು. ಯೂನಿಕೋಡ್ ಲೆಕ್ಕದಲ್ಲಿ ಹನ್ನೊಂದು. ಸ, ಅದಕ್ಕೊಂದು ವಿರಾಮ ಚಿಹ್ನೆ, ತ, ಇನ್ನೊಂದು ವಿರಾಮ ಚಿಹ್ನೆ, ರ, ಆಮೇಲೆ ದೀರ್ಘ. ಇಷ್ಟಕ್ಕೇ ಆರಾಯ್ತು. ಒತ್ತು, ಗುಣಿತ ಎಲ್ಲದಕ್ಕೂ ಬೇರೆ ಬೇರೆ ಚಾರ್ಜ್, ಹೋಟೆಲ್‌ನಲ್ಲಿ ಚಟ್ನಿಗೂ ಬಿಲ್ ಹಾಕಿದ ಹಾಗೆ. 'ಬಡ್ಡಿ' ನೋಡೋಕೆ ಎರಡಕ್ಷರ, ಎಣಿಕೆಗೆ ಐದು.

ಈ ಕಾರಣಕ್ಕೇ ನಾನು ಒಂದೇ ವಿಷ್ಯನ ತುಂಡು ತುಂಡು ಮಾಡಿ ಹಾಕೋದು. ಸ್ಟೈಲ್ ಅಂತ ಅಂದ್ಕೊಂಡೋರಿಗೆ ಕ್ಷಮೆ ಇರಲಿ, ಸ್ಟೈಲ್ ಏನೂ ಇಲ್ಲ, ಜಾಗ ಇಲ್ಲ ಅಷ್ಟೇ.

ಆದ್ರೆ ಈ ಬಿಗಿಯಿಂದ ಒಂದು ಲಾಭ ಆಯ್ತು. ಪರೀಕ್ಷೆಗೆ ಬರೆಯುವಾಗ ನಾವು 'ಈ ನಿಟ್ಟಿನಲ್ಲಿ', 'ಪ್ರಸ್ತುತ ಸಂದರ್ಭದಲ್ಲಿ', 'ಎಂಬುದನ್ನು ನಾವು ಗಮನಿಸಬಹುದಾಗಿದೆ' ಅಂತೆಲ್ಲ ಪುಟ ತುಂಬಿಸ್ತೀವಲ್ಲ, ಆ ಒಂದೊಂದಕ್ಕೂ ಇಲ್ಲಿ ಹದಿಮೂರರಿಂದ ಇಪ್ಪತ್ತೊಂಬತ್ತು ಅಕ್ಷರ ಹೋಗುತ್ತೆ. 'ಗಮನಿಸಬಹುದಾಗಿದೆ' ತೆಗೆದ್ರೆ ಆ ಜಾಗದಲ್ಲಿ ಒಂದು ಲೆಕ್ಕದ ಸಾಲು ಹಿಡಿಸುತ್ತೆ. ತೆಗೀತೀನಿ.

3/11
ಪೂರ್ತಿ ಕ್ಯಾಪ್ಷನ್ ಯಾರಿಗೂ ಮೊದಲೇ ಕಾಣಲ್ಲ. ಒಂದೆರಡು ಸಾಲು ಕಾಣುತ್ತೆ, ಮಿಕ್ಕಿದ್ದು ಒತ್ತಿದ್ರೆ ಮಾತ್ರ ಬಿಚ್ಕೊಳ್ಳುತ್ತೆ. ಹಾಗಾಗಿ 'ನಮಸ್ಕಾರ ಸ್ನೇಹಿತರೇ, ಎಲ್ಲರೂ ಹೇಗಿದ್ದೀರಿ' ಅಂತ ಶುರು ಮಾಡಿದ್ರೆ ಮುಗೀತು, ಕಾಣೋ ಜಾಗ ಪೂರ್ತಿ ಕ್ಷೇಮ ಸಮಾಚಾರಕ್ಕೇ ಹೋಯ್ತು. ಮರ್ಯಾದೆ ಇರ್ಬೇಕು ಒಪ್ತೀನಿ. ಅದನ್ನ ಎರಡನೇ ಪ್ಯಾರಾದಲ್ಲೂ ತೋರಿಸ್ಬಹುದು.

ಅಂಕಿ ಬಗ್ಗೆ ಒಂದು ಮಾತು. ಕನ್ನಡ ಅಂಕಿ ಯಾಕೆ ಬಳಸಲ್ಲ ಅಂತ ಒಬ್ಬರು ಗದರಿಸಿದ್ರು. ನನಗೂ ಇಷ್ಟ, ಬಸ್ ನಂಬರ್ ಪ್ಲೇಟ್‌ನಲ್ಲಿ ನೋಡಿದ್ರೆ ಖುಷಿಯಾಗುತ್ತೆ. ಆದ್ರೆ ನಮ್ಮಮ್ಮನ ಪಾಸ್‌ಬುಕ್, ಕರೆಂಟ್ ಬಿಲ್, ನೋಟು, ಕ್ಯಾಲ್ಕುಲೇಟರ್ ಎಲ್ಲದರಲ್ಲೂ ಇರೋದು 1, 2, 3. ದುಡ್ಡಿನ ವಿಷ್ಯದಲ್ಲಿ ಓದೋರ ಕಣ್ಣಿಗೆ ಯಾವುದು ರೂಢಿಯೋ ಅದೇ ಇರಲಿ ಅನ್ನೋದು ನನ್ನ ಲೆಕ್ಕ. ನಿಮಗೆ ಬೇರೆ ಅಭಿಪ್ರಾಯ ಇದ್ರೆ ಇರಲಿ.

4/11
ಇನ್ನು ಪದಗಳು. ಇದಕ್ಕೇ ಜಾಸ್ತಿ ದಿನ ಹಿಡೀತು.

ನಾನು ಪಿಯುಸಿವರೆಗೂ ಕನ್ನಡ ಮೀಡಿಯಂ, ಬಿಕಾಂ ಇಂಗ್ಲಿಷ್. ತಲೆ ಒಳಗೆ ಎರಡು ಬೀರು ಇದ್ದ ಹಾಗೆ. ಒಂದರಲ್ಲಿ ಡಿಪ್ರಿಸಿಯೇಷನ್, ಇನ್ನೊಂದರಲ್ಲಿ ಸವಕಳಿ. ಸವಕಳಿ ಎಷ್ಟು ಚೆನ್ನಾಗಿದೆ ನೋಡಿ! ಚಪ್ಪಲಿ ಸವೆಯೋದು, ಮೆಟ್ಟಿಲು ಸವೆಯೋದು ಕಂಡಿರೋ ಯಾರಿಗಾದ್ರೂ ಅರ್ಧ ಪಾಠ ಆ ಪದದಲ್ಲೇ ಆಗಿಹೋಗುತ್ತೆ. ಎಲ್ಲ ಪದಕ್ಕೂ ಇಂಥ ಭಾಗ್ಯ ಇಲ್ಲ. 'ವಾರ್ಷಿಕ ಶೇಕಡಾವಾರು ದರ' ಅಂತ ಬರೆದ್ರೆ ಕನ್ನಡವೇನೋ ಹೌದು, ಆದ್ರೆ ನಮ್ಮ ಬೀದಿಯಲ್ಲಿ ಯಾರೂ ಬಡ್ಡಿನ ವರ್ಷದ ಲೆಕ್ಕದಲ್ಲಿ ಹೇಳಲ್ಲ.

ನಮ್ಮಲ್ಲಿ ಹೇಳೋದು 'ನೂರಕ್ಕೆ ಎರಡು', 'ನೂರಕ್ಕೆ ಮೂರು' ಅಂತ. ಅಂದ್ರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ. ಬ್ಯಾಂಕಿನ ಭಾಷೆಯಲ್ಲಿ ಅದು ವರ್ಷಕ್ಕೆ 24 ಪರ್ಸೆಂಟ್. ಅಮ್ಮನಿಗೆ 24 ಪರ್ಸೆಂಟ್ ಅಂದ್ರೆ ಟಿವಿ ಸುದ್ದಿ. ನೂರಕ್ಕೆ ಎರಡು ಅಂದ್ರೆ ತಕ್ಷಣ ಹುಬ್ಬು ಏರುತ್ತೆ, 'ಜಾಸ್ತಿ ಆಯ್ತು ಕಣೇ' ಅಂತಾರೆ.

ಅವತ್ತಿಂದ ಒಂದು ಅಭ್ಯಾಸ ಮಾಡ್ಕೊಂಡೆ. ಬರೆಯೋಕೆ ಮುಂಚೆ ಅಡುಗೆಮನೆಗೆ ಹೋಗಿ ವಿಷ್ಯನ ಬಾಯಲ್ಲಿ ಹೇಳೋದು. ಅಮ್ಮ ತಿರುಗಿ ಅದನ್ನೇ ಹೇಗೆ ಹೇಳ್ತಾರೆ ಅಂತ ಕೇಳಿಸ್ಕೊಳ್ಳೋದು. 'ರೆಡ್ಯೂಸಿಂಗ್ ಬ್ಯಾಲೆನ್ಸ್' ಅನ್ನೋದನ್ನ ವಿವರಿಸೋಕೆ ನಾನು ಐದು ನಿಮಿಷ ಒದ್ದಾಡಿದೆ. ಅಮ್ಮ ಸೊಪ್ಪು ಬಿಡಿಸ್ತಾ, 'ಅಂದ್ರೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ನಮ್ಮ ಸಂಘದಲ್ಲಿ ಇರೋದೂ ಅದೇ' ಅಂದ್ರು. ಉಳಿದ ಅಸಲಿಗೆ ಬಡ್ಡಿ. ಮೂರು ಪದ. ಹಂಗೇ ಎತ್ಕೊಂಡೆ, ಕ್ರೆಡಿಟ್ ಇಲ್ಲಿ ಕೊಡ್ತಿದ್ದೀನಿ.

5/11
ಅಷ್ಟು ದಿನ ನನ್ನ ಮನಸ್ಸಲ್ಲಿದ್ದ ಓದುಗ ಯಾರು ಗೊತ್ತಾ? ನನ್ನ ಥರದವರೇ. ಕಾಲೇಜಿನೋರು, ಒಬ್ಬರೇ ಕೂತು ಒಬ್ಬರದ್ದೇ ಫೋನ್‌ನಲ್ಲಿ ಓದೋರು.

ಹೋದ ವರ್ಷ ಒಂದು ದಿನ ಅಮ್ಮನ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಬರಹ ನೋಡಿದೆ. ಸ್ಕ್ರೀನ್‌ಶಾಟ್. ಆ್ಯಪ್‌ನಲ್ಲಿ ಕ್ಯಾಪ್ಷನ್ ಕಾಪಿ ಮಾಡೋಕೆ ಬಿಡಲ್ಲ ಅಲ್ವಾ, ಅದಕ್ಕೆ ಯಾರೋ ಫೋಟೋ ಹಿಡಿದು ಹಾಕಿದ್ರು. ನನ್ನ ಪೇಜಿನ ಹೆಸರಿಲ್ಲ, ಶುರುವಿನ ಭಾಗ ಇಲ್ಲ, ಮಧ್ಯದ ಒಂದು ತುಂಡು ಮಾತ್ರ.

ಆ ವಾರ ಸಂಘದ ಮೀಟಿಂಗ್‌ಗೆ ಅಮ್ಮನ ಜೊತೆ ಹೋದೆ. ಅಂಗನವಾಡಿ ಜಗಲಿ. ಹತ್ತು ಹನ್ನೆರಡು ಜನ. ಉಳಿತಾಯದ ದುಡ್ಡು ಎಣಿಸಿ ಪುಸ್ತಕದಲ್ಲಿ ಬರೆದಾದ ಮೇಲೆ ಒಬ್ಬ ಅಕ್ಕ ಫೋನ್ ತೆಗೆದು ಆ ಸ್ಕ್ರೀನ್‌ಶಾಟ್ ಜೋರಾಗಿ ಓದಿದ್ರು. ಸುತ್ತ ಆರು ಜನ ಕೇಳ್ತಿದ್ರು. ಒಬ್ಬರು ಕನ್ನಡಕ ತಂದಿರಲಿಲ್ಲ, ಒಬ್ಬರಿಗೆ ಓದು ಅಷ್ಟು ಬರಲ್ಲ, ಮಿಕ್ಕವರಿಗೆ ಕೇಳೋದೇ ಸಲೀಸು. ಓದ್ತಿದ್ದ ಅಕ್ಕ ಉದ್ದ ವಾಕ್ಯ ಬಂದ ಕಡೆ ಉಸಿರು ತಗೊಳ್ತಿದ್ರು. ಬ್ರಾಕೆಟ್ ಬಂದ್ರೆ ಹಾರಿಸಿಬಿಡ್ತಿದ್ರು. ಎಮೋಜಿ ಬಂದಾಗ 'ಇಲ್ಲೊಂದು ನಗೋ ಮುಖ ಇದೆ' ಅಂದ್ರು, ಎಲ್ಲರೂ ನಕ್ಕರು.

ನನಗೆ ಆ ಕ್ಷಣ ಹೇಗಾಯ್ತು ಅಂದ್ರೆ, ನಾನು ಯಾರಿಗೆ ಬರೀತಿದ್ದೀನಿ ಅನ್ನೋದೇ ಬದಲಾಗಿ ಹೋಯ್ತು. ಅಂಕಿಅಂಶದ ಪುಟದಲ್ಲಿ ಆ ಜಗಲಿ ಕಾಣೋದೇ ಇಲ್ಲ. ಅಲ್ಲಿ ಒಂದು ವ್ಯೂ ಅಂತ ಬರುತ್ತೆ. ಇಲ್ಲಿ ಏಳು ಜನ ಕೂತಿದ್ದಾರೆ.

6/11
ಯೋಚನೆ ಮಾಡಿದ್ರೆ ಇದು ಹೊಸದೂ ಅಲ್ಲ. ಕುಮಾರವ್ಯಾಸ ಭಾರತನ ನಮ್ಮೂರುಗಳಲ್ಲಿ ಎಷ್ಟು ಜನ ಒಂಟಿಯಾಗಿ ಕೂತು ಓದಿದ್ರು? ಒಬ್ಬರು ಹಾಡೋರು, ಒಬ್ಬರು ಅರ್ಥ ಹೇಳೋರು, ಊರು ಕೂತು ಕೇಳೋದು. ಗಮಕ ಅಂದ್ರೆ ಅದೇ. ನನ್ನ ಬಡ್ಡಿ ಲೆಕ್ಕನ ಅಲ್ಲಿಗೆ ಹೋಲಿಸ್ತಿಲ್ಲ, ದಯವಿಟ್ಟು ಹೊಡೀಬೇಡಿ. ಕನ್ನಡದಲ್ಲಿ ಬರೆದಿದ್ದು ಕಿವಿಗೆ ಹೋಗೋದು ಹಳೇ ದಾರಿ ಅಂದೆ ಅಷ್ಟೇ.

ಅಲ್ಲಿಂದ ಎರಡು ಬದಲಾವಣೆ ಮಾಡಿದೆ.

ಬರೆದಿದ್ದನ್ನ ಜೋರಾಗಿ ಓದೋದು. ಉಸಿರು ಸಿಗದ ವಾಕ್ಯನ ಮುರಿಯೋದು. ಬ್ರಾಕೆಟ್‌ನಲ್ಲಿ ಮುಖ್ಯವಾದ್ದು ಏನೂ ಇಡಬಾರದು.

ಇನ್ನೊಂದು, ಸ್ಕ್ರೀನ್‌ಶಾಟ್ ಪರೀಕ್ಷೆ. ಫೋನ್ ಪರದೆಯಲ್ಲಿ ಒಂದು ಸಲಕ್ಕೆ ಎಷ್ಟು ಕಾಣುತ್ತೋ ಅಷ್ಟನ್ನೇ ಯಾರಾದ್ರೂ ಕತ್ತರಿಸಿ ಕಳಿಸಿದ್ರೆ ಅರ್ಥ ಕೆಡುತ್ತಾ? 'ನೂರಕ್ಕೆ ಒಂದು ರೂಪಾಯಿ ಬಡ್ಡಿ, ಕಡಿಮೆ ಅನ್ನಿಸುತ್ತೆ' ಅಂತ ಒಂದು ಪರದೆಯಲ್ಲಿ ಬರೆದು, 'ಆದರೆ ನಿಜವಾಗಿ ಹಾಗಲ್ಲ' ಅಂತ ಮುಂದಿನ ಪರದೆಗೆ ಹಾಕೋದು ಅಪಾಯ. ಕಥೆ ಬರೆಯೋರಿಗೆ ಅದು ಸಸ್ಪೆನ್ಸ್. ಸಾಲದ ವಿಷ್ಯದಲ್ಲಿ ಅರ್ಧ ಸ್ಕ್ರೀನ್‌ಶಾಟ್ ಒಂದು ಮನೆಯ ಹನ್ನೆರಡು ತಿಂಗಳು ತಿನ್ನುತ್ತೆ.

7/11
ಈಗ ಲೆಕ್ಕಕ್ಕೆ ಬರೋಣ. ಬರವಣಿಗೆ ಬಗ್ಗೆ ಹೇಳ್ತಾ ಲೆಕ್ಕ ಯಾಕೆ ಅಂತ ಕೇಳ್ಬೇಡಿ. ನನಗೆ ಎರಡೂ ಒಂದೇ.

ಪುಸ್ತಕದಲ್ಲಿ ಉದಾಹರಣೆ ಅಂದ್ರೆ ಯಾವಾಗ್ಲೂ 10,000 ಅಥವಾ 1,00,000. ಹತ್ತು ಸಾವಿರನ ಹನ್ನೆರಡು ಕಂತಿಗೆ ಭಾಗಿಸಿ ನೋಡಿ, 833 ರೂಪಾಯಿ 33 ಪೈಸೆ. ಜೋರಾಗಿ ಓದಿದ್ರೆ ಯಾರ ತಲೇಲೂ ನಿಲ್ಲಲ್ಲ. ಕಿವಿಗೆ ಬರೆಯೋದು ಅಂದ್ಮೇಲೆ ನಾನು 12,000 ತಗೊಂಡೆ. ತಿಂಗಳಿಗೆ ಸಾವಿರ ಅಸಲು. ಬೆರಳಲ್ಲೇ ಎಣಿಸ್ಬಹುದು.

ಸಂಘದ ಸಾಲ, ನೂರಕ್ಕೆ ಒಂದು, ಉಳಿದ ಅಸಲಿಗೆ ಬಡ್ಡಿ. ಮೊದಲ ತಿಂಗಳು 12,000ಕ್ಕೆ 120 ಬಡ್ಡಿ. ಸಾವಿರ ತೀರಿಸಿದ್ರಿ, ಉಳೀತು 11,000. ಎರಡನೇ ತಿಂಗಳು 110. ಆಮೇಲೆ 100, 90, 80. ಹೀಗೆ ಇಳೀತಾ ಕೊನೇ ತಿಂಗಳು 10 ರೂಪಾಯಿ. ಎಲ್ಲ ಕೂಡಿಸಿದ್ರೆ ವರ್ಷಕ್ಕೆ 780.

ಫೈನಾನ್ಸ್ ಸಾಲ, ಅದೂ ನೂರಕ್ಕೆ ಒಂದು, ಆದ್ರೆ ಫ್ಲಾಟ್. ಮೊದಲ ತಿಂಗಳು 120. ಎರಡನೇ ತಿಂಗಳು 120. ಹನ್ನೆರಡನೇ ತಿಂಗಳೂ 120. ಒಟ್ಟು 1,440.

ಮಜಾ ಏನು ಅಂದ್ರೆ ಮೊದಲ ಕಂತು ಎರಡು ಕಡೆಯೂ ಒಂದೇ, 1,120. ಅದಕ್ಕೇ ಎರಡೂ ಒಂದೇ ಅನ್ನಿಸೋದು. ಕೊನೇ ಕಂತು ನೋಡಿ. ಸಂಘದಲ್ಲಿ 1,010. ಫ್ಲಾಟ್‌ನಲ್ಲಿ ಈಗಲೂ 1,120. ನಿಮ್ಮ ಹತ್ರ ಉಳಿದಿರೋದು ಅವರ ಒಂದೇ ಸಾವಿರ, ಬಡ್ಡಿ ಮಾತ್ರ ಹನ್ನೆರಡು ಸಾವಿರದ್ದು ಕಟ್ತಿದ್ದೀರಿ. ಪೂರ್ತಿ ವರ್ಷಕ್ಕೆ ಲೆಕ್ಕ ಹಾಕಿದ್ರೆ ಹೇಳಿದ್ದು 12 ಪರ್ಸೆಂಟ್, ಬೀಳೋದು 21ಕ್ಕಿಂತ ಜಾಸ್ತಿ. ನಮ್ಮ ಭಾಷೇಲಿ, ನೂರಕ್ಕೆ ಒಂದು ಅಂತ ಹೇಳಿ ನೂರಕ್ಕೆ ಒಂದು ರೂಪಾಯಿ ಎಂಬತ್ತು ಪೈಸೆ ಹತ್ರ.

ಇದನ್ನ ಜಗಲಿಯಲ್ಲಿ ಓದಿದಾಗ 120, 110, 100 ಅಂತ ಅಕ್ಕ ಓದೋಕೆ ಶುರು ಮಾಡಿದ್ರು, ಮಿಕ್ಕಿದ್ದನ್ನ ಎಲ್ಲರೂ ಸೇರಿ ಹೇಳಿದ್ರು. ಮಗ್ಗಿ ಹೇಳಿದ ಹಾಗೆ.

8/11
ಈ ಲೆಕ್ಕ ಹಾಕೋಕೆ ಮುಂಚೆ ನನ್ನ ಕ್ಲಾಸ್‌ಮೇಟ್ ಒಬ್ಬ ಒಂದು ಸಲಹೆ ಕೊಟ್ಟ. ಅವನಿಗೆ ದೊಡ್ಡ ಪೇಜ್ ಇದೆ, ಅವನಿಗೆ ಗೊತ್ತಿರೋದೂ ನಿಜ. 'ಮೊದಲ ಸಾಲು ಹಿಂಗೆ ಹಾಕು: ಫೈನಾನ್ಸ್ ಕಂಪನಿಗಳು ನಿಮ್ಮ ತಾಯಂದಿರನ್ನ ದೋಚ್ತಿವೆ! ಕೆಂಪು ಬಣ್ಣ ಹಾಕು. ನೋಡ್ತಿರು.'

ಅವನ ಮಾತು ಸುಳ್ಳಲ್ಲ, ಆ ಸಾಲಿಗೆ ಜನ ನಿಲ್ತಾರೆ. 2025ರ ಶುರುವಿನಲ್ಲಿ ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳದ ಸುದ್ದಿ ದಿನಾ ಬರ್ತಿತ್ತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆನೇ ತಂತು. ಸಿಟ್ಟು ಎಲ್ಲರಲ್ಲೂ ಇತ್ತು, ನನ್ನಲ್ಲೂ.

ಆದ್ರೂ ಆ ಸಾಲು ಹಾಕ್ಲಿಲ್ಲ. ಒಳ್ಳೇತನ ಅಂತ ಅಲ್ಲ. ಆ ಜಗಲಿ ನೆನಪಾಯ್ತು. ಅಲ್ಲಿ ಯಾರೋ ಒಬ್ಬರು ಆ ಕೆಂಪು ಸಾಲು ಓದಿ ಹೆದರಿ ಫೈನಾನ್ಸ್ ಬಿಟ್ಟರು ಅಂತ ಇಟ್ಕೊಳ್ಳಿ. ದುಡ್ಡಿನ ಅಗತ್ಯ ಬಿಟ್ಟು ಹೋಗಲ್ಲ. ಮುಂದೆ ಹೋಗೋದು ಯಾರ ಹತ್ರ? ನೂರಕ್ಕೆ ಐದು ಕೇಳೋ ಕೈಸಾಲದೋರ ಹತ್ರ. ವರ್ಷಕ್ಕೆ 60 ಪರ್ಸೆಂಟ್. 21 ತಪ್ಪಿಸಿ 60ಕ್ಕೆ ತಳ್ಳಿದ ಪುಣ್ಯ ನನ್ನ ಒಂದು ಸಾಲಿಗೆ ಬರುತ್ತೆ.

ನಾನು ಹಾಕಿದ ಸಾಲು ಇದು: 'ಎರಡು ಸಾಲ, ಎರಡಕ್ಕೂ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಒಂದಕ್ಕೆ 780 ಕಟ್ತೀರಿ, ಇನ್ನೊಂದಕ್ಕೆ 1,440. ಯಾಕೆ?' ಸ್ನೇಹಿತ ನೋಡಿ 'ಸಪ್ಪೆ' ಅಂದ. ಸಪ್ಪೆನೇ ಇರಬಹುದು. ಸಪ್ಪೆ ಸಾರಿಗೆ ಉಪ್ಪು ಆಮೇಲೂ ಹಾಕ್ಕೋಬಹುದು, ಜಾಸ್ತಿ ಆದ್ರೆ ತೆಗೆಯೋಕಾಗುತ್ತಾ?

9/11
ಅದಾದ ಮೇಲೆ ಒಂದು ಸಂಜೆ ನಮ್ಮ ಎದುರುಮನೆ ಅಕ್ಕ ಬಂದ್ರು. ಅವರನ್ನ ಕೇಳಿಯೇ ಬರೀತಿದ್ದೀನಿ. 'ಬರಿಯಮ್ಮ, ಮಗಳ ಹೆಸರು ಕಾಲೇಜಿನ ಹೆಸರು ಒಂದು ಹಾಕ್ಬೇಡ' ಅಂದಿದ್ದಾರೆ.

ಮಗಳಿಗೆ ನರ್ಸಿಂಗ್ ಸೀಟ್ ಸಿಕ್ಕಿತ್ತು. 36,000 ಫೀಸು ಶನಿವಾರದೊಳಗೆ ಕಟ್ಟಬೇಕು. ಅವತ್ತು ಮಂಗಳವಾರ. ಫೋನ್‌ನಲ್ಲಿ ನನ್ನ ಪೋಸ್ಟ್ ತೆಗೆದು ಕೈಲಿ ಹಿಡ್ಕೊಂಡೇ ಬಂದಿದ್ರು.

'ನೀನೇ ಹೇಳು. ತಗೊಳ್ಲಾ, ಬೇಡ್ವಾ?'

ನಿಮಗೆ ಇದನ್ನ ಸರಿಯಾಗಿ ಹೇಳೋಕೆ ಬರ್ತಿದೆಯೋ ಇಲ್ವೋ. ಪೋಸ್ಟ್ ಬರೆಯುವಾಗ 'ನೀವು' ಅಂತ ಬರೀತೀವಿ. ಆ 'ನೀವು'ಗೆ ಮುಖ ಇರಲ್ಲ. ಈಗ ಆ 'ನೀವು' ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತಿತ್ತು, ಸೆರಗಲ್ಲಿ ಮುಖ ಒರೆಸ್ಕೊಳ್ತಾ. ನನಗೆ ಇಪ್ಪತ್ತು ವರ್ಷ. ನಾನು ಇವತ್ತಿನವರೆಗೂ ಒಂದು ಸಾಲ ತಗೊಂಡಿಲ್ಲ.

ಪೆನ್ಸಿಲ್ ತಗೊಂಡು ಕೂತ್ವಿ. 36,000 ಅಂದ್ರೆ ನಮ್ಮ ಲೆಕ್ಕದ ಮೂರು ಪಟ್ಟು. ಸಂಘದಲ್ಲಾದ್ರೆ ವರ್ಷಕ್ಕೆ 2,340 ಬಡ್ಡಿ. ಫೈನಾನ್ಸ್‌ನಲ್ಲಿ 4,320. ವ್ಯತ್ಯಾಸ 1,980. 'ಸಂಘದಲ್ಲೇ ತಗೊಳ್ಳಿ ಅಕ್ಕ' ಅಂತ ನಾಲಿಗೆ ತುದೀಲಿತ್ತು.

ಅಮ್ಮ ಒಳಗಿಂದ ಹೇಳಿದ್ರು: 'ಸಂಘದಲ್ಲಿ ಈಗ ಇರೋದೇ 24,000. ಮಿಕ್ಕಿದ್ದು ಹೊರಗೆ ಸಾಲ ಹೋಗಿದೆ. ವಾಪಸ್ ಬರೋಕೆ ಮೂರ್ನಾಲ್ಕು ತಿಂಗಳು.' ಫೈನಾನ್ಸ್‌ನೋರು 30,000ಕ್ಕಿಂತ ಕಡಿಮೆ ಕೊಡಲ್ಲ ಅಂದಿದ್ರಂತೆ, ಹಾಗಾಗಿ ಉಳಿದ 12,000 ಮಾತ್ರ ಅಲ್ಲಿಂದ ಅನ್ನೋ ದಾರಿಯೂ ಇಲ್ಲ. ಓಲೆ ಅಡ ಇಡೋಣ ಅಂದ್ರೆ ಅದಾಗಲೇ ಸೊಸೈಟಿಯಲ್ಲಿತ್ತು.

ನನ್ನ ಪೋಸ್ಟ್‌ನಲ್ಲಿ ಎಲ್ಲ ಸರಿ ಇತ್ತು. ಶನಿವಾರ ಅನ್ನೋದು ಇರಲಿಲ್ಲ. ಯಾವ ಪೋಸ್ಟ್‌ನಲ್ಲೂ ಇರೋಕೆ ಸಾಧ್ಯ ಇಲ್ಲ.

10/11
ಅಕ್ಕ ಫೈನಾನ್ಸ್ ಸಾಲನೇ ತಗೊಂಡ್ರು. ಆದ್ರೆ ತಗೊಂಡ ರೀತಿ ನೋಡಿ.

ಮೊದಲು ಪೇಪರ್ ಕೇಳಿದ್ರು. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಇಂಥ ಹೊಸ ಸಾಲಕ್ಕೆ ಮುಖ್ಯ ವಿವರಗಳ ಒಂದು ಹಾಳೆ ಕೊಡಬೇಕು, ಸಾಲ ತಗೊಳ್ಳೋರಿಗೆ ಅರ್ಥ ಆಗೋ ಭಾಷೆಯಲ್ಲಿ. ಫೀಸು ಗೀಸು ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಪರ್ಸೆಂಟ್ ಅನ್ನೋದು ಅದರಲ್ಲಿ ಇರ್ಬೇಕು. ಮೊದಲು ಬಂದಿದ್ದು ಇಂಗ್ಲಿಷ್ ಹಾಳೆ. ಅಕ್ಕ 'ಕನ್ನಡದ್ದು ತನ್ನಿ, ನಾಳೆ ಸೈನ್ ಹಾಕ್ತೀನಿ' ಅಂದ್ರು. ಮರುದಿನ ಬಂತು. ಬಾಯಲ್ಲಿ ನೂರಕ್ಕೆ ಒಂದು ಅಂದಿದ್ದ ಸಾಲಕ್ಕೆ ಹಾಳೆಯಲ್ಲಿ 23 ಚಿಲ್ಲರೆ ಪರ್ಸೆಂಟ್ ಅಂತ ಇತ್ತು. ಅಕ್ಕ ಆ ಅಂಕಿ ಮೇಲೆ ಬೆರಳಿಟ್ಟು ಎಲ್ಲರಿಗೂ ತೋರಿಸಿದ್ರು, ಏನೋ ಕಳ್ಳನ್ನ ಹಿಡಿದ ಹಾಗೆ.

ಎರಡನೇದು, ಮಧ್ಯದಲ್ಲೇ ತೀರಿಸಿದ್ರೆ ಏನು ಅಂತ ಕೇಳಿದ್ರು. ಮೈಕ್ರೋಫೈನಾನ್ಸ್ ಸಾಲನ ಅವಧಿಗೆ ಮುಂಚೆ ತೀರಿಸಿದ್ರೆ ದಂಡ ಹಾಕೋ ಹಾಗಿಲ್ಲ, ಅದೂ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಸಂಘಕ್ಕೆ ದುಡ್ಡು ವಾಪಸ್ ಬಂದ ತಕ್ಷಣ ಅಲ್ಲಿಂದ ತಗೊಂಡು ಇದನ್ನ ಮುಚ್ಚೋದು ಅಕ್ಕನ ಯೋಚನೆ. ಅದು ಪೂರ್ತಿ ಅವರದ್ದೇ ಐಡಿಯಾ, ನನ್ನದಲ್ಲ. ಆ ಮನುಷ್ಯ 'ಆಫೀಸಲ್ಲಿ ಕೇಳಿ ಹೇಳ್ತೀನಿ' ಅಂದ. ಅಕ್ಕ 'ಕೇಳಿ, ನಾವೂ ಕೇಳ್ತೀವಿ' ಅಂದ್ರು.

ಈಗ ಮೂರು ಕಂತು ಕಟ್ಟಾಗಿದೆ. ಮಗಳು ಹಾಸ್ಟೆಲ್‌ನಲ್ಲಿದ್ದಾಳೆ. ನಾನು ಒಂದು ಸಲ ತಡೀಲಾರದೆ 'ಅಷ್ಟೆಲ್ಲ ಲೆಕ್ಕ ಗೊತ್ತಿದ್ದೂ ಅದನ್ನೇ ತಗೋಬೇಕಾಯ್ತಲ್ಲ ಅಕ್ಕ' ಅಂದೆ. ಅವರು ನೀರು ಹಿಡೀತಾ ಇದ್ರು. 'ಗೊತ್ತಿದ್ದು ತಗೊಳ್ಳೋದೇ ಬೇರೆ, ಗೊತ್ತಿಲ್ದೆ ತಗೊಳ್ಳೋದೇ ಬೇರೆ ಕಣಮ್ಮ' ಅಂದ್ರು, ಬಿಂದಿಗೆ ತುಂಬ್ತು, ಎತ್ಕೊಂಡು ಹೋದ್ರು.

11/11
ಅಲ್ಲಿಂದ ಈಚೆಗೆ ನನ್ನ ಪೋಸ್ಟ್‌ಗಳಲ್ಲಿ 'ತಗೊಳ್ಳಿ', 'ಬೇಡಿ' ಅನ್ನೋ ಮಾತು ಕಡಿಮೆ ಆಗಿರೋದನ್ನ ನೀವೂ ನೋಡಿರ್ತೀರಿ. ಅದರ ಜಾಗಕ್ಕೆ 'ಇದನ್ನ ಕೇಳಿ' ಅಂತ ಒಂದೆರಡು ಪ್ರಶ್ನೆ ಬರುತ್ತೆ, ಸಾಲ ಕೊಡೋರ ಎದುರು ಬಾಯಲ್ಲಿ ಕೇಳೋಕೆ ಬರೋ ಹಾಗೆ. 'ದಯವಿಟ್ಟು ಪರಿಣಾಮಕಾರಿ ಬಡ್ಡಿದರವನ್ನು ತಿಳಿಸಿ' ಅಂತ ಯಾರು ಕೇಳ್ತಾರೆ? 'ಕೊನೇ ಕಂತಿನಲ್ಲಿ ಬಡ್ಡಿ ಎಷ್ಟು ಇರುತ್ತೆ?' ಅಂತ ಕೇಳಬಹುದು. ಒಂದೇ ಪ್ರಶ್ನೆ, ಫ್ಲಾಟೋ ಅಲ್ವೋ ಅಲ್ಲೇ ಗೊತ್ತಾಗುತ್ತೆ. ಇಷ್ಟು ಚಿಕ್ಕದು ಸಿಗೋಕೆ ನನಗೆ ನಾಲ್ಕು ದಿನ ಬೇಕಾಯ್ತು.

ಬರೆಯೋಕೆ ಶುರು ಮಾಡ್ಬೇಕು ಅಂತಿರೋರಿಗೆ ಇನ್ನೂ ಒಂದಿಷ್ಟು ಕೇಳೋದಿದ್ರೆ ಮೆಸೇಜ್ ಹಾಕಿ. ಕ್ಯಾಮೆರಾ ಯಾವುದು, ಆ್ಯಪ್ ಯಾವುದು ಅಂತ ಕೇಳ್ಬೇಡಿ. ಫೋಟೋ ಅಪ್ಪನ ಹಳೇ ಫೋನ್‌ದು, ಬರೆಯೋದು ಫೋನಿನ ನೋಟ್ಸ್‌ನಲ್ಲಿ. ನೀವು ಯಾವ ವಿಷ್ಯ ಬರೀಬೇಕು ಅಂತಿದ್ದೀರಿ, ಅದನ್ನ ಯಾರು ಯಾರಿಗೆ ಓದಿ ಹೇಳಬಹುದು ಅಂತ ಬರೆದು ಕಳಿಸಿ. ಅಲ್ಲಿಂದ ಮಾತಾಡೋಣ.

ಮುಂದಿನ ಸರಣಿ ಚೀಟಿ ಕೂಗೋದರ ಬಗ್ಗೆ. ಸಂಘದೋರೇ ಕೇಳಿದ್ದಾರೆ: 'ಜಾಸ್ತಿ ಬಿಟ್ಟು ಕೂಗಿ ಮೊದಲೇ ತಗೊಂಡ್ರೆ ಅದೂ ಒಂದು ಬಡ್ಡಿನೇ ಅಲ್ವಾ?' ಎಷ್ಟು ಒಳ್ಳೇ ಪ್ರಶ್ನೆ! ಹೌದು, ಬಡ್ಡಿನೇ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ತಿಂಗಳಿಗೆ ಸಾವಿರ ಅಂತ ಇಟ್ಕೊಂಡು ಶುರು ಮಾಡಿದ್ದೀನಿ. ಎರಡನೇ ಸಾಲು ಇನ್ನೂ ಉದ್ದ ಇದೆ, ಅಮ್ಮ ಓದುವಾಗ ಮಧ್ಯದಲ್ಲಿ ಉಸಿರು ತಗೊಂಡ್ರು.

#ಕನ್ನಡಬರಹ #ಕನ್ನಡದಲ್ಲಿಲೆಕ್ಕ #ತಿಪಟೂರು #ನೂರಕ್ಕೆಒಂದು